ಫೋಟೊದ ಅಂಚಿನಲ್ಲಿ ನಿಂತಿದ್ದ ದಿನೇಶ

ತೀರ್ಥಹಳ್ಳಿ ಪೇಟೆಯಲ್ಲಿ ರವಿಕೆ ಹೊಲಿಯುವ ಶಿಲ್ಪಶ್ರೀಗೆ ಫೋಟೊ ನೋಡಿ ಊರು ಹುಡುಕುವ ಹುಚ್ಚು ಹತ್ತಿದ್ದು ಕಾಲು ಮುರಿದುಕೊಂಡು ಮಲಗಿದ್ದಾಗ. ಮೊಬೈಲಿನಲ್ಲಿ ಯಾರೋ ಒಂದು ರಸ್ತೆಯ ಚಿತ್ರ ಹಾಕಿ ‘ಇದು ಎಲ್ಲಿ ಹೇಳಿ’ ಎನ್ನುತ್ತಿದ್ದರು. ಈಕೆ ನೆರಳು ಬಿದ್ದ ದಿಕ್ಕು, ಕರೆಂಟು ಕಂಬದ ಆಕಾರ, ಅಂಗಡಿ ಬೋರ್ಡಿನ ಅರ್ಧ ಅಕ್ಷರ ಹಿಡಿದು, ಉಪಗ್ರಹದ ನಕ್ಷೆಯಲ್ಲಿ ತಡಕಾಡಿ ಜಾಗ ಹೇಳಿಬಿಡುತ್ತಿದ್ದಳು. ಕಾಲು ವಾಸಿಯಾದರೂ ಹುಚ್ಚು ಬಿಡಲಿಲ್ಲ.

ಅದು ಗೊತ್ತಿದ್ದೇ ಗೆಳತಿ ಪ್ರತಿಮಾ ಬೇಸಿಗೆಯ ಒಂದು ಮಧ್ಯಾಹ್ನ ಅಂಗಡಿಗೆ ಓಡಿಬಂದಳು. ಅರಳಸುರಳಿ ಊರಿನ ಪ್ರತಿಮಾ ಹೈಸ್ಕೂಲಿನಲ್ಲಿದ್ದಾಗ ಅವಳ ಅಣ್ಣ ದಿನೇಶ ಅಪ್ಪನ ಕೈಯಲ್ಲಿ ಹೊಡೆತ ತಿಂದು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟಿದ್ದ. ಆಮೇಲೆ ಸುದ್ದಿಯೇ ಇಲ್ಲ. ಈಗ ವಾಟ್ಸಾಪಿನಲ್ಲಿ ಮದುವೆ ಅಡುಗೆಯವರ ಫೋಟೊ ಒಂದು ಅವಳಿಗೆ ಬಂದಿತ್ತು. ಅದರ ಅಂಚಿನಲ್ಲಿ, ಕೊಪ್ಪರಿಗೆಯ ಪಕ್ಕ, ಸೌಟು ಹಿಡಿದು ಒಬ್ಬ ನಿಂತಿದ್ದ.

“ಹುಬ್ಬಿನ ಮೇಲಿನ ಗಾಯ ನೋಡೇ. ನಮ್ಮಣ್ಣನೇ! ಕಳ್ಸಿದೋರಿಗೂ ಎಲ್ಲಿದು ಅಂತ ಗೊತ್ತಿಲ್ವಂತೆ. ನೀನೇ ಹುಡುಕಿಕೊಡು ಮಾರಾಯ್ತಿ.”

ಹಿಂದೆ ಒಂದು ನೀರಿನ ಟ್ಯಾಂಕು, ಅದರಾಚೆ ನಡುವೆ ತಗ್ಗಿದ ಗುಡ್ಡ. ಗೇಟಿನ ಹೊರಗೆ ‘ಸಾಗರ’ ಎಂದು ಬರೆದ ಬಸ್ಸಿನ ಮೂತಿ. ಶಿಲ್ಪಶ್ರೀ ಮೊಬೈಲಿನ ನಕ್ಷೆಯಲ್ಲಿ ಸಾಗರಕ್ಕೆ ಹೋಗುವ ಒಂದೊಂದೇ ರಸ್ತೆ ಹಿಡಿದು, ದಾರಿಯ ಕಲ್ಯಾಣಮಂಟಪಗಳಿಗೆ ಜನ ಹಾಕಿದ್ದ ಚಿತ್ರಗಳನ್ನೆಲ್ಲ ನೋಡಿದಳು. ಹೊಸನಗರದ ಕಡೆಯ ಮಂಟಪವೊಂದರ ಚಿತ್ರಗಳ ನಡುವೆ ಯಾರೋ ತಮ್ಮ ಹೊಸ ಕಾರಿನ ಫೋಟೊ ಹಾಕಿದ್ದರು. ಕಾರಿನ ಹಿಂದೆ ಅದೇ ಟ್ಯಾಂಕು, ಅದೇ ಗುಡ್ಡ!

ಖುಷಿಯಲ್ಲಿ ಪ್ರತಿಮಾಗೆ ಹೇಳಲು ಫೋನ್ ಎತ್ತಿದವಳು ಹಾಗೇ ಕೆಳಗಿಟ್ಟಳು. ದಿನೇಶನೇನು ದಾರಿ ತಪ್ಪಿ ಹೋದವನಲ್ಲ. ಬರಬೇಕು ಅನ್ನಿಸಿದ್ದರೆ ಎಂದೋ ಬರುತ್ತಿದ್ದ.

ಮರುದಿನ ಅಂಗಡಿ ಮುಚ್ಚಿ ತಾನೇ ಬಸ್ಸು ಹತ್ತಿದಳು. ಅಡುಗೆಯವರು ಸಾಗರದಲ್ಲಿ ಬೇರೊಂದು ಮದುವೆಗೆ ಹೋಗಿದ್ದಾರೆ ಎಂದು ಮಂಟಪದ ಕಾವಲುಗಾರ ಹೇಳಿದ. ಅಲ್ಲಿಗೂ ಹೋದಳು. ದಿನೇಶ ಕುಂಬಳಕಾಯಿ ಹೆಚ್ಚುತ್ತಿದ್ದ. ಅವಳು ತಾನು ಯಾರೆಂದು ಹೇಳುತ್ತಲೇ ಅವನ ಕತ್ತಿ ನಿಂತಿತು.

“ಪ್ರತಿಮಾ ಕಳ್ಸಿದ್ಲಾ?”

“ಇಲ್ಲ ದಿನೇಶಣ್ಣ. ನಾನು ಬಂದಿದ್ದು ಅವಳಿಗೆ ಗೊತ್ತಿಲ್ಲ. ನೀವು ಹೂಂ ಅಂದ್ರೆ ಮಾತ್ರ ಹೇಳ್ತೀನಿ.”

ಅವನು ಹೆಚ್ಚಿದ ಹೋಳುಗಳನ್ನು ಬುಟ್ಟಿಗೆ ತುಂಬಿದ. “ಅಪ್ಪ ಇದಾನಾ?”

“ಇದಾರೆ.”

“ಹಂಗಾದ್ರೆ ಈಗ್ಲೇ ಬೇಡ ತಂಗಿ. ಚೆನ್ನಾಗಿದಾನೆ ಅಂತ ಹೇಳು, ಜಾಗ ಹೇಳ್ಬೇಡ. ಅವಳ ನಂಬರ್ ಕೊಟ್ಟಿರು. ಧೈರ್ಯ ಬಂದಾಗ ನಾನೇ ಮಾಡ್ತೀನಿ.”

ಶಿಲ್ಪಶ್ರೀ ಅಷ್ಟನ್ನೇ ಹೇಳಿದಾಗ ಪ್ರತಿಮಾ ಕೆಂಡವಾದಳು. “ನಮ್ಮಣ್ಣನ್ನ ಬಚ್ಚಿಡಕ್ಕೆ ನೀನ್ಯಾರೇ?” ಎಂದು ಅತ್ತು, ಬೈದು ಹೋದವಳು ಪೇಟೆಯಲ್ಲಿ ಎದುರಾದರೂ ಮುಖ ತಿರುಗಿಸತೊಡಗಿದಳು. ಹೇಳಿಬಿಡೋಣ ಎಂದು ಶಿಲ್ಪಶ್ರೀ ಎಷ್ಟೋ ಸಲ ಮೊಬೈಲಿನಲ್ಲಿ ಮಂಟಪದ ಹೆಸರು ಬರೆದಳು, ಅಳಿಸಿದಳು. ಕೊಟ್ಟ ಮಾತು ದೊಡ್ಡದೋ ಗೆಳತಿ ದೊಡ್ಡವಳೋ ತಿಳಿಯದೆ ಹೊಲಿಗೆಯೂ ತಪ್ಪುತ್ತಿತ್ತು. ಮಳೆಗಾಲವೆಲ್ಲ ಹೀಗೇ ಹೋಯಿತು.

ದೀಪಾವಳಿ ಕಳೆದು ಮದುವೆಗಳು ಶುರುವಾದ ಮೇಲೆ ಒಂದು ಸಂಜೆ ಪ್ರತಿಮಾಳ ಫೋನ್ ಬಂತು.

“ಅಣ್ಣ ಫೋನ್ ಮಾಡಿ ಕರೆದಿದ್ದ ಕಣೇ, ಸಾಗರದ ಒಂದು ಮದುವೆಮನೆಗೆ. ಎರಡನೇ ಪಂಕ್ತಿಲಿ ಕೂತೆ. ಅವನೇ ಬಡಿಸಿದ. ಬೇಡ ಬೇಡ ಅಂದ್ರೂ ಹೋಳಿಗೆ ಹಾಕ್ತಾನೇ ಇದ್ದ.” ದನಿ ತಗ್ಗಿಸಿ ಹೇಳಿದಳು, “ಅಪ್ಪ ಇರೋವರೆಗೂ ಮನೆಗೆ ಬರಲ್ವಂತೆ. ಇರ್ಲಿ ಬಿಡು. ನಿನ್ನನ್ನ ಕೇಳಿದ.”

ಶಿಲ್ಪಶ್ರೀ “ಎಷ್ಟು ಹೋಳಿಗೆ ತಿಂದೆ?” ಎಂದು ಕೇಳಿದಳು.

“ನಾಕು. ಏಳಕ್ಕೇ ಆಗ್ಲಿಲ್ಲ” ಎಂದು ಪ್ರತಿಮಾ ನಕ್ಕಳು. ನಗುತ್ತಲೇ ಅಳತೊಡಗಿದಳು.