ಕಂಪನಿ ಕೊಟ್ಟ ಟಿಕೆಟ್

ನಾನು ಕೆಲಸ ಮಾಡುವುದು ಕುವೈತಿನ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ. ಆದರೆ ರಿಫೈನರಿಯ ನೌಕರ ನಾನಲ್ಲ. ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ಇರುವುದು ರಾಯ್ ಎಂಬಲ್ಲಿ ಆಫೀಸಿರುವ ಒಂದು ಮ್ಯಾನ್‌ಪವರ್ ಕಂಪನಿಯ ಹೆಸರಿನಲ್ಲಿ. ರಿಫೈನರಿಯವರು ಆ ಕಂಪನಿಗೆ ಹಣ ಕೊಡುತ್ತಾರೆ, ಕಂಪನಿ ನನಗೆ ಸಂಬಳ ಕೊಡುತ್ತದೆ. ನಡುವೆ ಏನು ನಡೆಯುತ್ತದೆ ಎಂದು ನಾನು ಕೇಳಿದವನೇ ಅಲ್ಲ. ಅಬ್ಬಾಸಿಯಾದ ನಮ್ಮ ರೂಮಿನಲ್ಲಿ ಸಂಬಳದ ಬಗ್ಗೆ ಇರುವುದು ಒಂದೇ ಪ್ರಶ್ನೆ: ಕೈಗೆಷ್ಟು ಬರುತ್ತದೆ? ಪೇ ಸ್ಲಿಪ್ಪಿನ ಕೊನೆಯ ಸಾಲು ನೋಡಿ ಊರಿಗೆ ಹಣ ಕಳಿಸಿದರೆ ಆ ತಿಂಗಳು ಮುಗಿಯಿತು.

ನಮ್ಮಲ್ಲೊಂದು ಪದ್ಧತಿಯೂ ಇತ್ತು. ವರ್ಷಕ್ಕೊಮ್ಮೆ ಕಂಪನಿ ಊರಿನ ಟಿಕೆಟ್ ಕೊಟ್ಟಾಗ ಒಂದು ಡಬ್ಬಿ ಕಾಜು ಕಟ್ಲಿ ಕೊಂಡು ರಾಯ್‌ಗೆ ಹೋಗಿ ಮ್ಯಾನೇಜರ್ ಮೇಜಿನ ಮೇಲಿಟ್ಟು ಬರುವುದು. ಆತ ಫೋನಿನಿಂದ ಕಣ್ಣೆತ್ತದೆ ಒಂದು ತುಂಡು ಬಾಯಿಗೆ ಹಾಕಿಕೊಂಡು, ಯಲ್ಲಾ ಯಲ್ಲಾ, ಅಂದರೆ ಸರಿ ಹೊರಡು, ಎನ್ನುತ್ತಿದ್ದ. ನಾವು ಅಷ್ಟಕ್ಕೇ ಹಿಗ್ಗುತ್ತಿದ್ದೆವು.

ಹೆಂಡತಿ ಚೊಚ್ಚಲ ಬಸುರಿಯಾಗಿ ಉಡುಪಿಯಲ್ಲಿ ತಾಯಿಮನೆಯಲ್ಲಿದ್ದಳು. "ಚಿನ್ನ ಗಿನ್ನ ಎಂತ ಬೇಡ ನಂಗೆ. ಹೆರಿಗೆ ಹೊತ್ತಿಗೆ ನೀವೊಬ್ರು ಇಲ್ಲಿದ್ರೆ ಸಾಕು," ಎಂದಿದ್ದಳು. ಬರುತ್ತೇನೆಂದು ಮಾತು ಕೊಟ್ಟು, ರಜೆಯನ್ನೆಲ್ಲ ಅದಕ್ಕೆಂದೇ ಉಳಿಸಿಕೊಂಡಿದ್ದೆ.

ಅರ್ಜಿ ಹಿಡಿದು ರಾಯ್‌ಗೆ ಹೋದರೆ ಅಕೌಂಟ್ಸಿನಲ್ಲಿದ್ದ ಮೈಸೂರಿನವರು ತಲೆಯಾಡಿಸಿದರು. "ಈಗ ರಜೆ ಇಲ್ಲ ಸಾರ್. ನಿಮ್ ಹಳೇ ಕಾಂಟ್ರಾಕ್ಟ್ ಖಲಾಸ್ ಆಯ್ತಲ್ಲ, ಹೊಸದ್ರಲ್ಲಿ ಒಂದ್ ವರ್ಷ ತುಂಬ್ಬೇಕು."

"ಅದೇ ಗೇಟು, ಅದೇ ಪಂಪು. ಹೊಸತು ಎಂತದು ಮಾರಾಯ್ರೆ? ಕಂಪನಿ ಟಿಕೆಟ್ ಕೊಡ್ತದಲ್ಲ?"

"ಕಂಪನಿ ಎಲ್ಲಿ ಕೊಡುತ್ತೆ?" ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನ್ನದೇ ಪೇ ಸ್ಲಿಪ್ಪು. ನಾನೆಂದೂ ಓದದ ನಡುವಿನ ಸಾಲುಗಳ ಮೇಲೆ ಬೆರಳಿಟ್ಟರು. "ನಿಮ್ಗೆ ಅಂತ ರಿಫೈನರಿಯವ್ರು ಕೊಡೋದು ಒಂದೇ ಮೊತ್ತ. ನಮ್ ಕಮಿಷನ್ನು, ಇಕಾಮಾ, ಇನ್ಶೂರೆನ್ಸು, ರಜೆ ಸಂಬಳ, ಟಿಕೆಟ್ಟು, ಎಲ್ಲಾ ಅದ್ರಲ್ಲೇ ಮುರ್ಕೊಳೋದು. ತಿಂಗ್ತಿಂಗ್ಳೂ ನಿಮ್ ದುಡ್ಡೇ ಸಾರ್."

"ಹಾಗಾದ್ರೆ ಹಳೇ ಕಾಂಟ್ರಾಕ್ಟಲ್ಲಿ ಮುರಿದದ್ದು ಕೊಡಿ, ನಾನೇ ಟಿಕೆಟ್ ತಕೊಳ್ತೇನೆ."

"ಅದು ನೀವು ಕುವೈತ್ ಬಿಟ್ಟು ಹೋಗುವಾಗ ಸಿಗೋದು. ಈಗ ಹೇಳ್ದೆ ಹೋದ್ರೆ ಬೇರೆಯವ್ರನ್ನ ಹಾಕ್ಬಿಡ್ತಾರೆ. ಬೇಜಾರ್ ಮಾಡ್ಕೋಬೇಡಿ."

ಬೇಜಾರಲ್ಲ, ಮೈಯೆಲ್ಲ ಉರಿಯಿತು. ಹಣ ಮುರಿದುಕೊಂಡದ್ದಕ್ಕಿಂತ, ಅದಕ್ಕೆ ಪ್ರತಿವರ್ಷ ಹಲ್ಲುಗಿಂಜಿ ಸಿಹಿ ಹಂಚಿದೆನಲ್ಲ ಎಂಬುದಕ್ಕೆ. ಆದರೂ ಅರ್ಜಿ ಮಡಚಿಕೊಂಡು ಹೊರಗೆ ಬಂದೆ. ಮಗು ಬರುವ ಹೊತ್ತಿನಲ್ಲಿ ಕೆಲಸ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ರಿಫೈನರಿಯೊಳಗೆ ಫೋನ್ ಬಿಡುವುದಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಅವಳಿಗೆ ನೋವು ಶುರುವಾಗಿ ಆಸ್ಪತ್ರೆಗೆ ಒಯ್ದು ಹೆರಿಗೆಯಾಗುವವರೆಗೂ ನನ್ನ ಫೋನು ಆ ಗೇಟಿನ ಕಪಾಟಿನಲ್ಲಿತ್ತು. ಸಂಜೆ ತೆಗೆದು ನೋಡಿದರೆ ಅವಳಿಂದ ಎಷ್ಟೋ ಕರೆಗಳು, ಕೊನೆಗೆ ಭಾವ ಕಳಿಸಿದ ಹೆಣ್ಣುಮಗುವಿನ ಫೋಟೋ. ರಾತ್ರಿ ಅವಳು ಬೈಯಲಿಲ್ಲ. "ಊಟ ಆಯ್ತಾ?" ಎಂದಷ್ಟೇ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಂತೂ ಹೊಸ ಕಾಂಟ್ರಾಕ್ಟಿಗೆ ವರ್ಷ ತುಂಬಿ ಟಿಕೆಟ್ ಬಂತು. ಮೇಲಿನ ಬಂಕಿನ ಗೆಳೆಯ ನನ್ನ ಕೈಯಲ್ಲಿ ಕಾಜು ಕಟ್ಲಿಯ ಡಬ್ಬಿ ನೋಡಿ ಎದ್ದು ಕೂತ. "ನಿನ್ನದೇ ದುಡ್ಡಿನ ಟಿಕೆಟಿಗೆ ಮತ್ತೆ ಸ್ವೀಟಾ? ಮಂಡೆ ಸರಿ ಉಂಟಾ ನಿಂಗೆ?"

ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿ ರಾಯ್‌ಗೆ ಹೊರಟೆ. ಮಗಳ ಮೊದಲ ಹುಟ್ಟುಹಬ್ಬ ಹತ್ತಿರವಾಗಿತ್ತು. ಟಿಕೆಟ್ ಬಂದಿದ್ದರೂ ರಜೆಯ ಅರ್ಜಿಗೆ ಮ್ಯಾನೇಜರನ ಸಹಿ ಇನ್ನೂ ಬಿದ್ದಿರಲಿಲ್ಲ. ಆ ಸಲ ನಾನು ದೊಡ್ಡ ಡಬ್ಬಿಯನ್ನೇ ಕೊಂಡಿದ್ದೆ.