ಹಗ್ಗ ಕಟ್ಟಿದ ಹೊಸ್ತಿಲು

ಕಮರಿಪೇಟೆಯ ನಮ್ಮ ಮನೆಯ ಮೇಲೆ ಕಾಕಾನಿಗೆ ಒಮ್ಮೆಲೇ ಪ್ರೀತಿ ಉಕ್ಕಿದ್ದು ಹೋದ ವರ್ಷ. ಅಪ್ಪನ ತಮ್ಮ ಆತ. ಮಣ್ಣಿನ ಗೋಡೆ, ಹಗಲೂ ಕತ್ತಲೆ ಅಂತ ಮೂಗು ಮುರಿದು ಫ್ಲ್ಯಾಟು ಸೇರಿ ಎಷ್ಟೋ ಕಾಲವಾಗಿತ್ತು. ಯಾರೋ ಗೆಳೆಯರು ಬಂದು ನಮ್ಮ ಸಾಗವಾನಿ ಬಾಗಿಲಿನ ಕೆತ್ತನೆ ನೋಡಿ ಬಾಯಿ ಬಿಟ್ಟರಂತೆ. ಮರುದಿನದಿಂದ ಕಾಕಾನ ಬಾಯಲ್ಲಿ ಪರಂಪರೆ ಬಿಟ್ಟು ಬೇರೆ ಮಾತಿಲ್ಲ. ಆತನ ಫ್ಲ್ಯಾಟಿನ ಬಾಗಿಲಿಗೆ ಹೊಸ್ತಿಲೇ ಇಲ್ಲ, ಆ ಮಾತು ಬೇರೆ.

ಬಾಗಿಲು, ಹೊಸ್ತಿಲು ಎಲ್ಲ ಉಜ್ಜಿಸಿ, ಮಿರಿಮಿರಿ ಪಾಲಿಶ್ ಹೊಡೆಸಿ, ಅಡ್ಡಲಾಗಿ ಕೆಂಪು ಹಗ್ಗ ಕಟ್ಟಿಸಿದ. ಅಪ್ಪ ತಮ್ಮನಿಗೆ ಎದುರಾಡಿ ಗೊತ್ತಿಲ್ಲದ ಮನುಷ್ಯ. ಪೇಪರಿನಿಂದ ಮುಖ ಎತ್ತಲಿಲ್ಲ. ನೋಡಲು ಬಂದವರಿಗೆ ಹಗ್ಗ ಬಿಚ್ಚುವುದು, ಮನೆಯಲ್ಲಿ ಬಾಳುವ ನಾವು ಹಿತ್ತಲಿಂದ ಓಡಾಡುವುದು, ಹೀಗೆ ಶುರುವಾಯಿತು.

ಅವ್ವ ಅದನ್ನೂ ಸಹಿಸಿದಳು. ಅವಳಿಗೆ ಇದ್ದದ್ದು ಒಂದೇ ಆಸೆ. ನನ್ನ ಹೆಂಡತಿಯಾಗಿ ಬರುವವಳು ಆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನು ಬಲಗಾಲಿಂದ ಒದ್ದು ಒಳಗೆ ಬರಬೇಕು. ಅವ್ವನೂ, ಅವಳ ಅತ್ತೆಯೂ ಹಾಗೇ ಬಂದವರು. ಅದೇ ಹಿತ್ತಾಳೆ ಸೇರನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟಿದ್ದಳು.

ಮದುವೆ ಮುಗಿಸಿ ಮದುಮಗಳನ್ನು ಕರೆತಂದಾಗ ಕಾಕಾ ಬಾಗಿಲಲ್ಲೇ ನಿಂತಿದ್ದ.

“ವೈನಿ, ಸೇರು ಉರುಳಿದ್ರ ಪಾಲಿಶ್ ಕಿತ್ತು ಹೊಕ್ಕೈತ್ರಿ. ಹಿತ್ತಲ ಕಡಿಂದ ಕರ್ಕೊಂಡ್ ಬರ್ರಿ. ಪರಂಪರಾ ಉಳೀಬೇಕಲ್ಲ?”

ಬೀಗರೆಲ್ಲ ನೋಡುತ್ತಿದ್ದರು. ಅವ್ವ ಸೇರು ಎತ್ತಿಕೊಂಡು ಹಿತ್ತಲ ಕಡೆ ನಡೆದಳು. ನನ್ನ ಹೆಂಡತಿ ರೇಷ್ಮೆ ಸೀರೆ ಎತ್ತಿ ಹಿಡಿದು, ಬಚ್ಚಲ ನೀರು ದಾಟಿ, ಕಟ್ಟಿಗೆ ರಾಶಿ ಬಳಸಿ, ಹಿತ್ತಲ ಬಾಗಿಲಲ್ಲಿ ಸೇರು ಒದ್ದು ಮನೆ ತುಂಬಿದಳು. ನನಗೋ ಮೈಯೆಲ್ಲ ಉರಿ. ಬಾಸಿಂಗ ಕಟ್ಟಿಕೊಂಡು ಜಗಳಕ್ಕೆ ನಿಲ್ಲುವುದಾದರೂ ಹೇಗೆ?

ತಿಂಗಳು ಕಳೆದಿರಲಿಲ್ಲ, ಯಾವುದೋ ಗುರುತಿಲ್ಲದ ಜೋಡಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದಿತು. ಕಾಕಾ ತಾನೇ ಹಗ್ಗ ಬಿಚ್ಚಿದ. ಹುಡುಗಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಒಳಗೆ ಕೂಗಿದ. ಪಾಲಿಶಿನ ಮಾತೇ ಇಲ್ಲ.

“ವೈನಿ, ಆ ಹಿತ್ತಾಳಿ ಸೇರು ಕೊಡ್ರಿ. ಇವರು ಒದಿಯೂದರ ಫೋಟೊ ತಗೀಬೇಕಂತ.”

ಅವ್ವ ಒಲೆ ಮುಂದಿನಿಂದ ಏಳಲಿಲ್ಲ.

“ಅದನ್ನ ನನ್ನ ಸೊಸಿ ಹಿತ್ತಲ ಬಾಗಲದಾಗ ಒದ್ದಾಳ್ರಿ. ಮುಂದಿನ ಬಾಗಲಕ್ಕ ತರೂದಿಲ್ಲ.”

ಕಾಕಾ ಮೋರೆ ಸಣ್ಣ ಮಾಡಿಕೊಂಡ ಅಂದುಕೊಂಡಿರಾ?

“ಇರ್ಲಿ ಬಿಡ್ರಿ,” ಅಂದ. “ಬಾಡಿಗಿದು ತರಸ್ತೇನಿ.”