ಡಬ್ಬಿಯಲ್ಲಿ ಹೋದ ಕ್ಯಾಮೆರಾ

ಹೆಂಡತಿ ತೀರಿಕೊಂಡ ಹತ್ತನೆಯ ದಿನ ಮಗಳು ಅವಳದೊಂದು ಫೋಟೋ ಕೇಳಿದಳು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹದಿಮೂರನೆಯ ದಿನಕ್ಕೆ ಗೋಡೆಗೆ ಹಾಕಬೇಕಿತ್ತು. ಒಂದೇ ಷರತ್ತು, ಕಣ್ಣು ತೆರೆದಿರಬೇಕು. ಹಾರ ಹಾಕುವ ಫೋಟೋದಲ್ಲಿ ಕಣ್ಣು ಮುಚ್ಚಿದ್ದರೆ ನೋಡಿದವರು ಏನು ತಿಳಿದುಕೊಂಡಾರು? ಮಗಳ ಮಾತು ಸರಿಯೇ. ಆದರೆ ಕಣ್ಣು ತೆರೆದ ಫೋಟೋ ನನ್ನ ಹತ್ತಿರ ಇದ್ದದ್ದು ಒಂದೇ. ಅದನ್ನು ಮಗಳ ಕೈಗೆ ಕೊಡಲು ಒಂದು ಇಡೀ ದಿನ ಹಿಂದೆ ಮುಂದೆ ನೋಡಿದೆ.

ನಾವು ಗುಲಬರ್ಗಾ ಕಡೆಯವರು. ಎಪ್ಪತ್ತರ ದಶಕದ ಮೊದಲಲ್ಲಿ, ಮದುವೆಯಾದ ವರ್ಷವೇ ಪುಣೆಗೆ ಬಂದೆವು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ನನಗೆ ಪ್ರೆಸ್ ಮಷಿನ್ ಮೇಲೆ ಕೆಲಸ. ತಗಡನ್ನು ಅಚ್ಚಿನಲ್ಲಿಟ್ಟು ಒತ್ತುವ ಮಷಿನ್ ಅದು. ಒತ್ತುವ ಮುಂಚೆ ಗಟ್ಟಿಯಾಗಿ ಮರಾಠಿಯಲ್ಲಿ ‘ಏಕ್, ದೋನ್, ತೀನ್’ ಎನ್ನಬೇಕು. ದೋನ್ ಎನ್ನುವಷ್ಟರಲ್ಲಿ ಎದುರಿನವನು ಕೈ ತೆಗೆಯಬೇಕು, ತೀನ್ ಎಂದರೆ ಮಷಿನ್ ಬೀಳುತ್ತದೆ. ಹೀಗೆ ಎಣಿಸುವುದು ನನಗೆ ಎಷ್ಟು ರೂಢಿಯಾಯಿತೆಂದರೆ, ಮನೆಯಲ್ಲಿ ಟ್ರಂಕು ಎತ್ತುವಾಗಲೂ ಎಣಿಸುತ್ತಿದ್ದೆ.

ಮೊದಲ ಬೋನಸ್ಸಿಗೆ ಹಳೇ ಸಾಮಾನು ಮಾರುವ ಜೂನಾ ಬಾಜಾರಿನಲ್ಲಿ ಒಂದು ಡಬ್ಬಾ ಕ್ಯಾಮೆರಾ ಕೊಂಡೆ. ಅದಕ್ಕೊಂದು ಚರ್ಮದ ಕೇಸೂ ಇತ್ತು. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಪುಟ್ಟ ಗಾಜಿನಲ್ಲಿ ತಲೆ ಬಗ್ಗಿಸಿ ನೋಡಿ ಫೋಟೋ ತೆಗೆಯುವ ಕ್ಯಾಮೆರಾ. ಭಾನುವಾರ ಪರ್ವತಿ ಗುಡ್ಡದ ಮೆಟ್ಟಿಲ ಮೇಲೆ ಹೆಂಡತಿಯನ್ನು ನಿಲ್ಲಿಸಿ, ಏಕ್, ದೋನ್, ತೀನ್ ಎಂದು ಒತ್ತಿದೆ. ರೋಲಿಗೆ ಹನ್ನೆರಡು ಫೋಟೋ. ಹನ್ನೆರಡರಲ್ಲೂ ಅವಳು ಕಣ್ಣು ಮುಚ್ಚಿದ್ದಳು. ಎರಡನೆಯ ರೋಲಿನಲ್ಲೂ ಅದೇ ಕಥೆ. ಎರಡು ಪ್ರತಿ ಊರಿಗೆ ಕಳಿಸಿದ್ದಕ್ಕೆ, ಸೊಸೆ ಪುಣೆಗೆ ನಿದ್ದೆ ಮಾಡಲು ಹೋಗಿದ್ದಾಳೆಯೇ ಎಂದು ಅವ್ವ ಕಾಗದ ಬರೆಸಿದಳು. ಮೂರನೆಯ ರೋಲಾದ ಮೇಲೆ ಕ್ಯಾಮೆರಾವನ್ನು ಅಟ್ಟಕ್ಕೆ ಹಾಕಿದೆ. ಮಗಳು ಹುಟ್ಟಿದಳು, ಓವರ್‌ಟೈಮ್ ಹೆಚ್ಚಾಯಿತು, ಫೋಟೋದ ಹುಚ್ಚು ಬಿಟ್ಟುಹೋಯಿತು.

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ದಸರೆಗೆ ಕಾರ್ಖಾನೆಯಲ್ಲಿ ಮಷಿನ್ ಪೂಜೆ ಮಾಡಿದಾಗ ಒಬ್ಬ ಗೆಳೆಯ ಸಣ್ಣದೊಂದು ಹೊಸ ಕ್ಯಾಮೆರಾ ತಂದಿದ್ದ. ಅವನ ಫೋಟೋಗಳಲ್ಲಿ ಎಲ್ಲರ ಕಣ್ಣೂ ತೆರೆದಿದ್ದವು, ಯಾವಾಗಲೂ ತೂಕಡಿಸುವ ನಮ್ಮ ವಾಚ್‌ಮನ್ನನ ಕಣ್ಣು ಸಹ. ಹಾಗಾದರೆ ತಪ್ಪು ನನ್ನ ಹಳೇ ಡಬ್ಬಾದ್ದೇ ಎಂದು ಖಾತ್ರಿಯಾಯಿತು. ಪುಣೆಯ ಕ್ಯಾಂಪ್ ಪೇಟೆಯ ಒಂದು ಅಂಗಡಿಯಲ್ಲಿ ಹಳೇ ಕ್ಯಾಮೆರಾ ತೆಗೆದುಕೊಂಡು ಹೊಸದು ಕೊಡುತ್ತಿದ್ದರು. ಹೋಗಿ ವಿಚಾರಿಸಿದೆ. ಕೇಸಿನ ಸಮೇತ ತಂದರೆ ಮಾತ್ರ ಬದಲಿ ಕೊಡುತ್ತೇನೆ ಎಂದರು ಅಂಗಡಿಯ ಮುದುಕರು.

ಕ್ಯಾಮೆರಾ ಅಟ್ಟದಲ್ಲೇ ಇತ್ತು. ಕೇಸು ಇರಲಿಲ್ಲ. ಎರಡು ಭಾನುವಾರ ಹುಡುಕಿದೆ. ಹೆಂಡತಿಯೂ ಜೊತೆಗೆ ಹುಡುಕಿದಳು, ಹಾಸಿಗೆ ಸುರುಳಿ ಬಿಚ್ಚಿ ನೋಡಿದಳು, ಅಕ್ಕಿಯ ಡಬ್ಬದಲ್ಲಿ ಕೈ ಹಾಕಿ ನೋಡಿದಳು, ಗಂಡಸರಿಗೆ ತಮ್ಮ ಸಾಮಾನಿನ ಕಾಳಜಿಯೇ ಇಲ್ಲವೆಂದು ಮಗಳ ಮುಂದೆ ಹೇಳಿದಳು. ಮೂರನೆಯ ಭಾನುವಾರ ನಾನು ಅಟ್ಟದ ಹಲಗೆ ಕೀಳಲು ಹೊರಟಾಗ ಅವಳಿಗೆ ನಗೆ ತಡೆಯಲಾಗಲಿಲ್ಲ.

ಆದದ್ದು ಇಷ್ಟು. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುತ್ತಿದ್ದಳು. ನನ್ನ ಎರಡು ಪ್ಯಾಂಟಿಗೆ ಅವಳು ಒಂದು ದೊಡ್ಡ ಗುಂಡು ಡಬ್ಬಿ ಕೊಟ್ಟಳು, ಆದರೆ ಮುಚ್ಚಳ ಕೊಡಲು ಒಪ್ಪಲಿಲ್ಲ. ಮುಚ್ಚಳಕ್ಕಾಗಿ ನನ್ನ ಹೆಂಡತಿ ಕ್ಯಾಮೆರಾದ ಕೇಸು ಕೊಟ್ಟಿದ್ದಳು. ಆರು ವರ್ಷದಿಂದ ನಾನು ಮಧ್ಯಾಹ್ನದ ರೊಟ್ಟಿ ಒಯ್ಯುತ್ತಿದ್ದದ್ದು ಆ ಡಬ್ಬಿಯಲ್ಲೇ.

ನಾನು ಸಿಟ್ಟು ಮಾಡುವ ಮುಂಚೆ ಅವಳು ಡಬ್ಬಿಯನ್ನು ಒರೆಸಿ, ಕ್ಯಾಮೆರಾವನ್ನು ಅದರೊಳಗೆ ಇಟ್ಟು, ಮುಚ್ಚಳ ಒತ್ತಿದಳು.

“ಕೇಸ್ ಕೇಳಿದ್ರ ಇದನ್ನ ತೋರಸ್ರಿ. ಅದು ಹೋಗಿ ಇದೇ ಬಂದದ.”

ಇಬ್ಬರೂ ಬಸ್ಸು ಹತ್ತಿ ಕ್ಯಾಂಪಿಗೆ ಹೋದೆವು. ಅಂಗಡಿಯಲ್ಲಿ ಮುಚ್ಚಳ ತೆಗೆದದ್ದೇ ತಡ, ಶೇಂಗಾ ಚಟ್ನಿಯ ವಾಸನೆ ಹರಡಿತು. ಮುದುಕರು ಕನ್ನಡಕ ಏರಿಸಿ ಡಬ್ಬಿಯೊಳಗೆ ಇಣುಕಿದರು. ಕೇಸು ಡಬ್ಬಿಯಾದ ಕಥೆಯನ್ನು ನನ್ನ ಹೆಂಡತಿ ತನ್ನ ಸಂತೆಯ ಮರಾಠಿಯಲ್ಲಿ, ಪ್ಯಾಂಟಿನ ಹರಕನ್ನೂ ಬಿಡದೆ, ಹೇಳಿ ಮುಗಿಸಿದಳು. ಅವರು ನಕ್ಕು ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡು, ಸರಿ ವಹಿನಿ, ಕೇಸು ಮುಟ್ಟಿತು ಎಂದರು. ಅವಳು ಅದನ್ನು ವಾಪಸು ಎಳೆದುಕೊಂಡಳು. ನಾಳೆಯಿಂದ ಇವರಿಗೆ ರೊಟ್ಟಿ ನೀವು ಕಟ್ಟುತ್ತೀರಾ ಎಂದು ಕೇಳಿದಳು. ಅಷ್ಟರಲ್ಲೇ ವ್ಯವಹಾರ ಕುದುರಿತು.

ಹೊಸ ಕ್ಯಾಮೆರಾ ಯಾಕೆ ಬೇಕು ಎಂದು ಅವರು ಕೇಳಿದಾಗ ಕಣ್ಣಿನ ಸಂಗತಿ ಹೇಳಿದೆ. ಹೇಗೆ ತೆಗೆಯುತ್ತೀರಿ, ತೋರಿಸಿ ಎಂದರು. ಹಳೇ ಡಬ್ಬಾವನ್ನೇ ಹಿಡಿದು ಏಕ್, ದೋನ್, ತೀನ್ ಎಂದೆ. ಮುದುಕರು ನನ್ನನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದರು. ತೀನ್‌ಗೆ ಅವಳ ಕಣ್ಣು ಬಿಗಿಯಾಗಿ ಮುಚ್ಚಿತಂತೆ. ಸಾಹೇಬ, ಕ್ಯಾಮೆರಾ ಬದಲಿಸಿ, ಆದರೆ ಮೊದಲು ಎಣಿಸುವುದು ಬಿಡಿ ಎಂದರು.

ಬಸ್ಸಿನಲ್ಲಿ ಕಾರಣ ಕೇಳಿದೆ. ಅವಳು ಹಳೆಯದೊಂದು ದಿನ ನೆನಪಿಸಿದಳು. ಪುಣೆಗೆ ಬಂದ ಹೊಸತರಲ್ಲಿ, ನಮ್ಮ ವಿಭಾಗದ ಒಬ್ಬನ ಎರಡು ಬೆರಳು ಪ್ರೆಸ್ಸಿನಲ್ಲಿ ಹೋದ ದಿನ, ಅದು ಹೇಗಾಯಿತೆಂದು ನಾನು ಮನೆಯಲ್ಲಿ ಎಣಿಸಿ ತೋರಿಸಿದ್ದೆ.

“ತೀನ್ ಅಂದ್ರ ನಿಮ್ಮ ಕೈನೇ ನೆನಪಾಗ್ತದ್ರಿ,” ಎಂದಳು. ಆಮೇಲೆ ಹೊಸ ಕ್ಯಾಮೆರಾದ ಕೇಸನ್ನು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕೆ ಹಿಟ್ಟು ನಾದುವ ಒಂದು ಪರಾತ ಬರಬಹುದು ಎಂದಳು.

ಮುಂದಿನ ಭಾನುವಾರ ಅವಳನ್ನು ನಾವು ಬಾಡಿಗೆಗಿದ್ದ ಚಾಳಿನ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಎಣಿಸುವುದನ್ನು ಪೂರ್ತಿ ಬಿಡಲು ಬಾಯಿ ಕೇಳಲಿಲ್ಲ. ಏಕ್ ಎಂದೆ. ದೋನ್ ಎನ್ನುತ್ತಲೇ ಒತ್ತಿಬಿಟ್ಟೆ. ಒತ್ತುವಾಗ ಕಂಡಿತು, ಆದರೆ ಬೆರಳು ಆಗಲೇ ಇಳಿದಿತ್ತು. ಅವಳ ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು. ನಾಲಿಗೆ ಗದ್ದದವರೆಗೆ ಹೊರಗಿತ್ತು. ಡಬ್ಬಾ ಕ್ಯಾಮೆರಾದ ಕಾಲದಲ್ಲಿ, ಮುಖ ಸರಿಯಾಗಿ ಕಾಣದ ಆ ಮಸುಕು ಗಾಜನ್ನು ನಾನು ತಲೆ ಬಗ್ಗಿಸಿ ನೋಡುವಾಗಲೆಲ್ಲ, ಅವಳು ದೋನ್‌ಗೆ ನಾಲಿಗೆ ಚಾಚಿ ಅಣಕಿಸಿ ತೀನ್‌ಗೆ ಒಳಗೆಳೆದುಕೊಳ್ಳುತ್ತಿದ್ದಳಂತೆ. ಮೂರು ರೋಲು, ಮೂವತ್ತಾರು ಸಲ. ಅಂಗಡಿಯ ಮುದುಕರ ಮುಂದೆ ಮಾತ್ರ ತಡೆದುಕೊಂಡಿದ್ದಳಂತೆ. ಗುಟ್ಟು ಬಯಲಾದ ಮೇಲೆ ಕ್ಯಾಮೆರಾ ಎತ್ತಿದರೆ ಸಾಕು, ಸೆರಗು ಮುಖಕ್ಕೆ ಬರುತ್ತಿತ್ತು.

ಆ ಫೋಟೋವನ್ನೇ ಕೊನೆಗೆ ಮಗಳಿಗೆ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಅಪ್ಪಾ, ಇದಕ್ಕ ಹಾರ ಹ್ಯಾಂಗ ಹಾಕೋದು? ಬಂದವ್ರು ನಗ್ತಾರ.”

“ನಗಲಿ. ಕಣ್ಣು ತೆರದಾವಲ್ಲ.”

ಹದಿಮೂರನೆಯ ದಿನ ಬೆಳಿಗ್ಗೆ, ಜನ ಬರುವ ಮುಂಚೆ, ಕುರ್ಚಿ ಹತ್ತಿ ಮೊಳೆ ಹೊಡೆಯಲು ನಿಂತೆ. ಮಗಳು ಕುರ್ಚಿ ಹಿಡಿದಿದ್ದಳು. ಎಡಗೈಯಲ್ಲಿ ಮೊಳೆ, ಬಲಗೈಯಲ್ಲಿ ಸುತ್ತಿಗೆ. ರೂಢಿ ಎಲ್ಲಿ ಹೋಗುತ್ತದೆ, ಏಕ್ ಎಂದೆ. ದೋನ್ ಎನ್ನುತ್ತಲೇ ಹೊಡೆದೆ. ಏಟು ಮೊಳೆಗೆ ಬೀಳಲಿಲ್ಲ, ಹೆಬ್ಬೆರಳಿಗೆ ಬಿತ್ತು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಉಳಿಸಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು ಕೆಳಗೆ ನೋಡಿದೆ. ಗೋಡೆಗೆ ಒರಗಿಸಿದ್ದ ಕಟ್ಟಿನೊಳಗಿಂದ ಅವಳು ಕಣ್ಣು ಮುಚ್ಚದೆ, ನಾಲಿಗೆ ಚಾಚಿಕೊಂಡು, ನನ್ನನ್ನೇ ನೋಡುತ್ತಿದ್ದಳು.